ಮಾಸ್ತರು ಬಿಟ್ಟ ಶ್ಯಾವಿಗೆ

ಬಿಸಿ ಬಟ್ಟಲು ಮುಂದೆ ಬಂದಾಗ ಮಾಸ್ತರು ಕನ್ನಡಕ ತೆಗೆಯುತ್ತಿರಲಿಲ್ಲ. ಬಟ್ಟಲಿನ ಮೇಲೆ ಮುಖ ಬಾಗಿಸಿ ಸುಮ್ಮನೆ ಕೂರುತ್ತಿದ್ದರು. ಹಬೆಗೆ ಎರಡೂ ಗಾಜು ಬೆಳ್ಳಗಾಗಿ ಕಣ್ಣೇ ಇಲ್ಲದವರ ಹಾಗೆ ಕಾಣುತ್ತಿದ್ದರು. ಆ ಬಿಳಿ ಗಾಜಿನ ಕೆಳಗೆ ಬಾಯಿ ಮಾತ್ರ ನಗುತ್ತಿತ್ತು. ಮೊದಲು ಮೂಗು ಉಣ್ಣಬೇಕು, ಕಣ್ಣು ನಡುವೆ ಬಂದು ಕೆಡಿಸಬಾರದು ಎಂಬುದು ಅವರ ವಾದ. ಸದಾಶಿವ ಪೇಠದ ನಮ್ಮ ಮನೆಗೆ ಮೊದಲ ಸಲ ಊಟಕ್ಕೆ ಬಂದಾಗ ಅತ್ತೆಯ ಸಾರಿನ ಮೇಲೂ ಹೀಗೇ ಬಾಗಿದರು. ಧಾರವಾಡದ ನಮ್ಮ ಅತ್ತೆ ಯಾರನ್ನು ಕಂಡೂ ಬೆರಗಾಗುವವರಲ್ಲ. ಅವರೂ ಬಡಿಸುವ ಕೈ ತಡೆದು ನನ್ನ ಕಿವಿಯಲ್ಲಿ, "ಇವರಿಗೆ ಕಣ್ಣ ಕಾಣಸ್ತಾವೋ ಇಲ್ಲೋ?" ಎಂದು ಕೇಳಿದ್ದರು.

ಮಾಸ್ತರು ಜಪಾನಿನವರು. ತೊಂಬತ್ತರ ದಶಕದ ಕೊನೆಯಲ್ಲಿ ಚಾಕಣದ ಒಂದು ಕಾರ್ಖಾನೆಗೆ, ಕಾರಿನ ತಗಡು ಒತ್ತುವ ಅಚ್ಚುಗಳ ಕೆಲಸ ಕಲಿಸಲೆಂದು ಬಂದಿದ್ದರು. ಅವರ ಹೆಸರು ನಮ್ಮ ಕಾರ್ಮಿಕರ ನಾಲಗೆಯಲ್ಲಿ ದಿನಕ್ಕೊಂದು ರೂಪ ತಾಳುತ್ತಿತ್ತು. ಕೊನೆಗೆ ಯಾರೋ ಮಾಸ್ತರ್ ಅಂದರು, ಅದೇ ನಿಂತಿತು. ನಾನು ಅವರ ದುಭಾಷಿ. ಬೆಳಗಾವಿಯ ಹುಡುಗಿ, ಮದುವೆಯಾಗಿ ಪುಣೆಗೆ ಬಂದವಳು. ಮಧ್ಯಾಹ್ನ ಹೊತ್ತು ಹೋಗುವುದಿಲ್ಲವೆಂದು ಜಪಾನಿ ಕಲಿಯಲು ಸೇರಿದ್ದೆ, ಆಮೇಲೆ ಅದೇ ಹೊಟ್ಟೆಪಾಡಾಯಿತು. ಮರಾಠಿಯಲ್ಲಿ ಕೇಳಿ ಜಪಾನಿಯಲ್ಲಿ ಹೇಳುವುದು, ಜಪಾನಿಯಲ್ಲಿ ಕೇಳಿ ಮರಾಠಿಯಲ್ಲಿ ಹೇಳುವುದು, ಮನೆಗೆ ಬಂದು ಕನ್ನಡದಲ್ಲಿ ಬೈಸಿಕೊಳ್ಳುವುದು. ದಿನ ಹೀಗೆ ಕಳೆಯುತ್ತಿತ್ತು.

ಅವರ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ನಗಿಸುವ ಸಂಗತಿಗಳಿಂದ ಶುರುಮಾಡುತ್ತೇನೆ, ನಡುವೆ ಎದ್ದುಬಿಡುತ್ತೇನೆ. ಅವರು ಎಷ್ಟು ಒಳ್ಳೆಯವರೆಂದು ಬರೆಯುತ್ತ ಹೋದಷ್ಟೂ ನಾನು ಮಾಡಿದ್ದು ಎದ್ದು ಕಾಣುತ್ತದೆ. ಅದಕ್ಕೇ ಅದನ್ನು ಬಚ್ಚಿಡದೆ ಮೊದಲೇ ಹೇಳಿಬಿಡುತ್ತೇನೆ. ಒಂದು ಮಾತು ಹೇಳದೆ ಉಳಿದು ನಾನು ಆ ಮನುಷ್ಯನಿಗೆ ಪ್ರಿಯವಾದ ಊಟವನ್ನು ತಪ್ಪಿಸಿದೆ. ಒಂದಲ್ಲ, ಎರಡು ಊಟ.

ಅವರು ಪುಣೆಗೆ ಬಂದ ಹೊಸತರಲ್ಲಿ ಕಂಪನಿಯವರು ದೊಡ್ಡ ಹೋಟೆಲಿನಲ್ಲಿ ಇಳಿಸಿದ್ದರು. ಅಲ್ಲಿ ಇವರಿಗೆಂದೇ ಜಪಾನಿ ಊಟ ಮಾಡಿಸುತ್ತಿದ್ದರಂತೆ. ವಾರ ಕಳೆಯುವುದರಲ್ಲಿ ಮಾಸ್ತರು ಸೋತುಹೋದರು. ಜಪಾನು ಬಿಟ್ಟು ಬಂದಮೇಲೆ ಜಪಾನಿನ ಊಟ ಕೇಳುವವನು ಮೂರ್ಖ, ಕೊಡುವವನು ಇನ್ನೂ ದೊಡ್ಡ ಮೂರ್ಖ ಎಂದು ನನ್ನೆದುರು ಗೊಣಗಿದರು. ನಿಮ್ಮ ಮನೆಯಲ್ಲಿ ಇವತ್ತು ಏನು ಮಾಡಿದ್ದಾರೆ ಎಂದು ದಿನವೂ ಕೇಳತೊಡಗಿದರು. ಕೇಳಿ ಕೇಳಿ ನನಗೆ ನಾಚಿಕೆಯಾಗಿ ಒಂದು ಭಾನುವಾರ ಕರೆದೆ. ಆಮೇಲೆ ಕರೆಯುವ ಅಗತ್ಯವೇ ಬೀಳಲಿಲ್ಲ.

ಅತ್ತೆಗೂ ಅವರಿಗೂ ಒಂದು ವಿಚಿತ್ರ ಸ್ನೇಹ ಬೆಳೆಯಿತು. ಇಬ್ಬರಿಗೂ ಸರಿಸುಮಾರು ಒಂದೇ ವಯಸ್ಸು, ಇಬ್ಬರಿಗೂ ಅಡುಗೆಯ ವಿಷಯದಲ್ಲಿ ಅಹಂಕಾರ. ಅತ್ತೆ ಕನ್ನಡದಲ್ಲಿ ಹೇಳುತ್ತಿದ್ದರು, ಅವರು ಜಪಾನಿಯಲ್ಲಿ ತಲೆದೂಗುತ್ತಿದ್ದರು. ನಡುವೆ ನಾನು ಬಡಿಸುವುದೋ ಅನುವಾದಿಸುವುದೋ ತಿಳಿಯದೆ ಒದ್ದಾಡುತ್ತಿದ್ದೆ. ನಮ್ಮದು ಮಡಿ ಇದ್ದ ಮನೆ. ಆದರೂ ಅತ್ತೆ ಅವರಿಗೆ ನಡುಮನೆಯಲ್ಲಿ ಮಣೆ ಹಾಕಿಸಿ ತಾವೇ ಬಡಿಸುತ್ತಿದ್ದರು. ಮಾಸ್ತರು ಕಲಿತ ಕನ್ನಡ ಎರಡೇ ಮಾತು, "ಭಾಳ ಛಲೋ" ಮತ್ತು "ಸಾಕ್ರಿ". ಎರಡನೆಯದನ್ನು ಬಹಳ ತಡವಾಗಿ ಹೇಳುತ್ತಿದ್ದರು.

ಒಂದು ದಿನ ಎಣ್ಣೆಗಾಯಿ ಬಡಿಸಿದ ಅತ್ತೆ ತಾವು ತಿನ್ನುವುದಿಲ್ಲವೆಂಬುದು ಅವರಿಗೆ ಗೊತ್ತಾಯಿತು. ಯಾಕೆಂದು ಕೇಳಿದರು. ಕಾಶಿಗೆ ಹೋದಾಗ ಬದನೆಕಾಯಿ ಬಿಟ್ಟುಬಂದೆ ಎಂದು ಅತ್ತೆ ಹೇಳಿದರು. ಕಾಶಿಯಲ್ಲಿ ಬದನೆಕಾಯಿ ಕೆಟ್ಟದೇ ಎಂದು ಅವರು ಕೇಳಿದಾಗ ಅತ್ತೆ ಬಹಳ ನಕ್ಕರು. ಅಲ್ಲಿಗೆ ಹೋದವರು ತಮಗೆ ಎಲ್ಲಕ್ಕಿಂತ ಇಷ್ಟವಾದ ಒಂದನ್ನು ಬಿಟ್ಟುಬರಬೇಕು, ಇಷ್ಟವಿಲ್ಲದ್ದನ್ನು ಬಿಟ್ಟರೆ ಅದು ಬಿಟ್ಟಂತಲ್ಲ ಎಂದು ಬಿಡಿಸಿ ಹೇಳಿದರು. ನಾನು ಅದನ್ನು ಜಪಾನಿ ಭಾಷೆಗೆ ತಂದೆ. ಮಾಸ್ತರು ಬದನೆಕಾಯಿಯನ್ನೂ ಅತ್ತೆಯನ್ನೂ ಒಂದೊಂದು ಸಲ ನೋಡಿದರು. ಅವತ್ತು ಎರಡನೇ ಸಲ ಎಣ್ಣೆಗಾಯಿ ಹಾಕಿಸಿಕೊಳ್ಳಲಿಲ್ಲ.

ಮರುವರ್ಷ ಕಂಪನಿಯವರು ಕೆಲವರನ್ನು ತರಬೇತಿಗೆಂದು ಜಪಾನಿಗೆ ಕಳಿಸಿದರು. ದುಭಾಷಿಯಾಗಿ ನಾನೂ ಹೊರಟೆ. ಮಾಸ್ತರು ಆಗ ರಜೆಯ ಮೇಲೆ ಊರಿಗೆ ಹೋಗುವವರಿದ್ದರು, ನನ್ನನ್ನು ನೋಡಿಕೊಳ್ಳುವ ಹೊಣೆ ತಾವಾಗಿಯೇ ವಹಿಸಿಕೊಂಡರು. ಹೊರಡುವ ಮುನ್ನ ಮನೆಗೆ ಬಂದಾಗ ಅತ್ತೆ ಅವರೆದುರು ನಿಂತು, "ನಮ್ಮ ಹುಡುಗೀನ ನಿಮ್ಮ ಕೈಯಾಗ ಕೊಡ್ಲಿಕ್ಕತ್ತೇನ್ರಿ. ಅಕಿಗೆ ಮೀನು-ಮಾಂಸ ನಡಿಯೂದಿಲ್ಲ. ಇಷ್ಟ ನೋಡ್ಕೋರಿ" ಅಂದರು. ನಾನು ಅನುವಾದಿಸಿದೆ. ಮಾಸ್ತರು ಸೊಂಟದವರೆಗೆ ಬಾಗಿ ಮಾತು ಕೊಟ್ಟರು. ಅಷ್ಟು ಬಾಗಬೇಕಾದ ವಿಷಯವೇ ಎಂದು ನನಗೆ ಒಳಗೊಳಗೇ ನಗು ಬಂದಿತ್ತು.

ನಾಗೋಯಾದ ಹತ್ತಿರ ನಮ್ಮ ತರಬೇತಿ. ವಾರವೆಲ್ಲ ಕ್ಯಾಂಟೀನಿನ ಅನ್ನಕ್ಕೆ ಅತ್ತೆ ಕಟ್ಟಿಕೊಟ್ಟ ಚಟ್ನಿಪುಡಿ ಕಲಸಿಕೊಂಡು ನುಂಗುತ್ತಿದ್ದೆ. ರಜೆಯ ದಿನ ಬೆಳಗಾದರೆ ಮಾಸ್ತರು ತಮ್ಮ ಪುಟ್ಟ ಕಾರು ತಂದು ನಿಲ್ಲಿಸುತ್ತಿದ್ದರು. ಅವರ ಊರು ಗಿಫು ಸೀಮೆಯ ಗುಡ್ಡಗಳ ನಡುವೆ. ನಮ್ಮಿಬ್ಬರ ಜೊತೆ ಅವರ ಹೆಂಡತಿಯೂ ಬರುತ್ತಿದ್ದರು. ಊರೂರು ತಿರುಗಿಸಿ ಆಯಾ ಊರಿನ ಊಟ ಮಾಡಿಸಬೇಕೆಂಬುದು ಮಾಸ್ತರ ಹಟ. ಭಾರತದಲ್ಲಿ ಒಬ್ಬ ತಾಯಿ ತನಗೆ ಉಣ್ಣಿಸಿದ್ದಾಳೆ, ಅದನ್ನು ತೀರಿಸಬೇಡವೇ ಎನ್ನುತ್ತಿದ್ದರು.

ಊಟದ ಜಾಗ ಹುಡುಕುವುದರಲ್ಲಿ ಅವರದ್ದೇ ಒಂದು ಶಾಸ್ತ್ರವಿತ್ತು. ಸ್ಟೇಷನ್ನಿನ ಎದುರು, ಗಾಜಿನ ಪೆಟ್ಟಿಗೆಯಲ್ಲಿ ಮೇಣದ ಊಟ ಇಟ್ಟು ತೋರಿಸುವ ಅಂಗಡಿಗೆ ಕಾಲಿಡಬಾರದು. ಬೇರೆ ಊರಿನ ಹೆಸರು ಹೊತ್ತ ತಿಂಡಿ ಮಾರುವವನ ಹತ್ತಿರ ಹೋಗಬಾರದು. ಬಾಗಿಲಿಗೆ ತೂಗುಬಿಟ್ಟ ಬಟ್ಟೆಯ ಪರದೆ ನೋಡಬೇಕು. ಕೈಯಿಂದ ಸರಿಸಿ ಸರಿಸಿ ಅದರ ಅಂಚು ಮಾಸಿದ್ದರೆ ಒಳಗೆ ಹೋಗಬಹುದು. ಇದ್ಯಾವುದೂ ತಿಳಿಯದಿದ್ದರೆ ಕ್ಷೌರದ ಅಂಗಡಿಯವನನ್ನು ಕೇಳಬೇಕು, ಅಂಗಡಿ ಬಿಟ್ಟು ದೂರ ಹೋಗಲಾರದ ಅವನು ದಿನವೂ ಹತ್ತಿರದಲ್ಲೇ ಉಣ್ಣುತ್ತಾನೆ, ಊರಿನವರ ದೂರೆಲ್ಲ ಅವನ ಕಿವಿಗೆ ಬಿದ್ದಿರುತ್ತದೆ. ಒಂದು ಊರಿನಲ್ಲಿ ಹೀಗೆ ಕೇಳಲು ಹೋಗಿ, ಬರಿಗೈಲಿ ಬರಲಾರದೆ ಗಡ್ಡ ಮಾಡಿಸಿಕೊಂಡು ಬಂದರು. ಬೆಳಿಗ್ಗೆ ಮನೆಯಲ್ಲೇ ಒಮ್ಮೆ ಮಾಡಿಕೊಂಡಿದ್ದರೆಂದು ಹೆಂಡತಿ ನನ್ನತ್ತ ನೋಡಿ ಹಣೆ ಚಚ್ಚಿಕೊಂಡರು.

ಅವರ ಇನ್ನೊಂದು ಮಾತು, ಬೆಟ್ಟದ ಊರಿನಲ್ಲಿ ಸಮುದ್ರ ಕೇಳಬೇಡ, ಸಮುದ್ರದ ಊರಿನಲ್ಲಿ ಬೆಟ್ಟ ಕೇಳಬೇಡ. ನನಗೋಸ್ಕರ ಅವರು ಬೆಟ್ಟದ ಊರುಗಳನ್ನೇ ಆರಿಸಿದ್ದರು. ಅಲ್ಲಿ ಅಗಲ ಎಲೆಯ ಮೇಲೆ ಹುಳಿಬರಿಸಿದ ಸೋಯಾದ ಮುದ್ದೆ ಸುಟ್ಟು ಕೊಡುತ್ತಿದ್ದರು, ಅಕ್ರೋಟು ಅರೆದು ಸವರಿ ಕೆಂಡದ ಮೇಲೆ ಕಾಯಿಸಿದ ಅನ್ನದ ಉಂಡೆ ಕೊಡುತ್ತಿದ್ದರು. ಆದರೆ ಮಾಸ್ತರ ಪ್ರಾಣವೆಲ್ಲ ಇದ್ದದ್ದು ಸೋಬಾದಲ್ಲಿ. ಉತ್ತರ ಭಾರತದ ಕಡೆ ಉಪವಾಸಕ್ಕೆ ನಡೆಯುತ್ತದಲ್ಲ ಕುಟ್ಟು ಹಿಟ್ಟು, ಹೆಚ್ಚುಕಡಿಮೆ ಅದೇ ಹಿಟ್ಟಿನ ಕಪ್ಪು ಶ್ಯಾವಿಗೆ. ಬಿಸಿ ಬಿಸಿ ತಿಳಿ ರಸದಲ್ಲಿ ಮುಳುಗಿಸಿ, ಮೇಲೆ ಬೆಟ್ಟದ ಸೊಪ್ಪು ಇಟ್ಟು ಕೊಡುತ್ತಾರೆ. ಪ್ರತಿ ಅಂಗಡಿಯಲ್ಲೂ ಅವರು ಅಡುಗೆಮನೆಯೊಳಗೇ ಹೋಗಿ ಮೀನು ಹಾಕಬೇಡಿ, ಮಾಂಸ ಹಾಕಬೇಡಿ ಎಂದು ಹೇಳಿಬರುತ್ತಿದ್ದರು. ಆದರೂ ಎಲ್ಲೋ ಒಂದು ಮೀನಿನ ಚೂರು ಬಂದರೆ ಆ ಬಟ್ಟಲನ್ನೇ ಬದಲಿಸುತ್ತಿದ್ದರು. ನಾನೊಬ್ಬಳೇ ಬರಿ ಶ್ಯಾವಿಗೆ ತಿನ್ನಬಾರದೆಂದು ತಾವೂ ಅದನ್ನೇ ತಿನ್ನುತ್ತಿದ್ದರು.

ಮೊದಲ ಬಟ್ಟಲು ಬಾಯಿಗೆ ತರುವಾಗಲೇ ನನಗೆ ವಾಸನೆ ಹತ್ತಿತು. ಹೊಗೆ ಹಾಕಿದಂಥ, ಆಳದಲ್ಲಿ ಎಲ್ಲೋ ಸಮುದ್ರವಿದ್ದಂಥ ವಾಸನೆ. ಪುಣೆಯಲ್ಲಿ ಕ್ಯಾಂಪಿನ ಮೀನುಪೇಟೆಯ ಪಕ್ಕ ರಿಕ್ಷಾ ಹಾದಾಗ ಸೆರಗು ಮೂಗಿಗೆ ಹೋಗುತ್ತದಲ್ಲ, ಅದರದ್ದೇ ದೂರದ ನೆಂಟಸ್ತಿಕೆಯ ವಾಸನೆ. ರಸಕ್ಕೆ ಏನು ಹಾಕಿದ್ದಾರೆ ಎಂದು ಕೇಳಲು ಬೇಕಾದ ಮಾತು ನನಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕು ಜನರ ನಡುವೆ ನಿಂತು ಕೇಳಿ ಹೇಳುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ಆದರೆ ಕೇಳಿದರೆ ಉತ್ತರ ಬರುತ್ತದೆ. ಉತ್ತರ ಬಂದರೆ ಬಟ್ಟಲು ಕೆಳಗಿಡಬೇಕಾಗುತ್ತದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ನಾನು ಕಣ್ಣು ತೆರೆದೇ ಕುಡಿದೆ, ಬಾಯಿ ಮಾತ್ರ ಮುಚ್ಚಿಕೊಂಡಿದ್ದೆ. ಹಸಿವು ರುಚಿ ಅರಿಯದು ಎನ್ನುತ್ತಾರೆ. ನನ್ನದು ಚೆನ್ನಾಗಿ ಅರಿತಿತ್ತು. ಆಮೇಲಿನ ಪ್ರತಿ ರಜೆಯಲ್ಲೂ ನಾನು ಆ ರಸಕ್ಕೆ ಕಾಯುತ್ತಿದ್ದೆ.

ಒಂದು ಊರು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಉದ್ದದ ಸುರಂಗ ದಾಟಿದ ಕೂಡಲೇ ಹೊಳೆಯ ಪಕ್ಕ ಒಂದು ಹಳೆಯ ಮನೆ, ಬೆನ್ನು ಬಾಗಿದ ಅಜ್ಜಿಯೊಬ್ಬಳು ನಡೆಸುವ ಅಂಗಡಿ. ಅವಳ ರಸ ಕುಡಿದು ಮುಗಿಸಿ ಬಟ್ಟಲಿನ ತಳ ನೋಡಿದೆ. ಮಾಸ್ತರು ನನ್ನನ್ನೇ ನೋಡುತ್ತಿದ್ದರು. ಹೇಗಿತ್ತು ಎಂದು ಕೇಳಿದರು. ಪರವಾಗಿಲ್ಲ ಎಂದೆ. ಹೊಗಳಿದರೆ ರಸದ ಮಾತು ಬಂದೀತೆಂಬ ಅಂಜಿಕೆ. ಅವರು ಏನೋ ಹೇಳಹೊರಟವರು ಸುಮ್ಮನಾಗಿ ಕಾರಿನ ಕಡೆ ನಡೆದರು.

ನಾವು ಪುಣೆಗೆ ಮರಳಿದ ಸ್ವಲ್ಪ ದಿನಕ್ಕೆ ಚಾತುರ್ಮಾಸ ಬಂತು. ಆ ತಿಂಗಳುಗಳಲ್ಲಿ ಅತ್ತೆಯ ಅಡುಗೆಗೆ ಉಳ್ಳಾಗಡ್ಡಿ ಬೆಳ್ಳುಳ್ಳಿ ಸೋಕುವಂತಿಲ್ಲ. ನನ್ನ ಗಂಡನಿಗೆ ಉಳ್ಳಾಗಡ್ಡಿ ಇಲ್ಲದಿದ್ದರೆ ಊಟವೇ ಸೇರದು, ಅವರಿಗಾಗಿ ಗ್ಯಾಲರಿಯಲ್ಲಿ ಬೇರೆ ಒಲೆ, ಬೇರೆ ಪಾತ್ರೆ. ಒಂದು ಭಾನುವಾರ ಮಾಸ್ತರು ಊಟಕ್ಕೆ ಕೂತಿದ್ದಾಗ ನನ್ನ ಗಂಡ ಮಾತಿನ ಭರದಲ್ಲಿ ಉಳ್ಳಾಗಡ್ಡಿ ಪಲ್ಯದ ಸೌಟನ್ನು ತಂದು ಅತ್ತೆಯ ಸಾರಿನ ಪಾತ್ರೆಯಲ್ಲಿ ಅದ್ದಿದರು. ಅತ್ತೆ ಪಾತ್ರೆ ಎತ್ತಿ ಕೆಳಗಿನ ಬಿಡಾರದವರಿಗೆ ಕೊಟ್ಟುಬಂದರು. ಹೊಸದಾಗಿ ಬೇಳೆ ಇಟ್ಟರು. ಎಲ್ಲರೂ ತಾಟಿನ ಮುಂದೆ ಕಾಯುತ್ತ ಕೂತೆವು.

ಮಾಸ್ತರಿಗೆ ಕುತೂಹಲ. ಸಾರಿನೊಳಗೆ ಉಳ್ಳಾಗಡ್ಡಿ ಬಿತ್ತೇ ಎಂದು ಕೇಳಿದರು. ಬಿದ್ದಿಲ್ಲ ಎಂದೆ. ಹಾಗಾದರೆ ಕೊಟ್ಟುಬಿಡುವುದೇಕೆ? ನಾನು ಅತ್ತೆಯನ್ನು ಕೇಳಿದೆ. ಒಲೆಯ ಮುಂದಿನಿಂದಲೇ ಅವರು, "ಹೋಳು ಬಿದ್ದಿಲ್ರಿ, ಖರೇ. ಆದ್ರ ಅದರ ರಸಾ ಹತ್ತೇದಲ್ರಿ. ಹೋಳು ತಗದ ಒಗೀಬಹುದು, ರಸಾ ಹ್ಯಾಂಗ ತಗೀತೀರಿ?" ಎಂದರು.

ಇದನ್ನು ಜಪಾನಿಯಲ್ಲಿ ಹೇಳುತ್ತ ಹೇಳುತ್ತಲೇ ನನಗೆ ಸೋಬಾದ ರಸ ನೆನಪಾಯಿತು. ಅರ್ಧಕ್ಕೆ ನಿಲ್ಲಿಸುವಂತಿರಲಿಲ್ಲ. ಮಾಸ್ತರ ಕೈ ತಾಟಿನಲ್ಲೇ ಉಳಿಯಿತು. ಹೊಸ ಸಾರು ಬಂದಾಗ ಅದರ ಹಬೆಗೆ ಮುಖ ಒಡ್ಡಲಿಲ್ಲ. ಎರಡು ತುತ್ತು ತಿಂದು, ಹೊಟ್ಟೆ ಸರಿಯಿಲ್ಲವೆಂದು ಹೇಳಿ ಎದ್ದರು.

ಮರುದಿನ ಚಾಕಣದಲ್ಲಿ, ಯಂತ್ರಗಳ ಸದ್ದಿನ ನಡುವೆ, ನನ್ನನ್ನು ಪಕ್ಕಕ್ಕೆ ಕರೆದರು. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಆ ರಸದ ಬಗೆ ಹೇಳಿದರು. ಹೊಗೆಯಲ್ಲಿ ಒಣಗಿಸಿದ ಮೀನನ್ನು ಬಡಗಿಯ ಹತ್ತರಿಯಿಂದ ಬರುವ ಸಿಪ್ಪೆಯ ಹಾಗೆ ತೆಳ್ಳಗೆ ಹೆರೆದು, ಬಿಸಿನೀರಿಗೆ ಹಾಕಿ, ಸೋಸುತ್ತಾರಂತೆ. "ಸೋಸಿ ಎಸೆದುಬಿಡುತ್ತೇವೆ. ಒಂದು ಚೂರೂ ಉಳಿಯುವುದಿಲ್ಲ. ಅದು ಮೀನು ಎಂದು ನನಗೆ ಹುಟ್ಟಿದಂದಿನಿಂದ ಒಮ್ಮೆಯೂ ಅನ್ನಿಸಿಲ್ಲ. ಅದು ಬರೀ ರುಚಿ ಅಂದುಕೊಂಡಿದ್ದೆ," ಎಂದರು. ಆಮೇಲೆ ಕಾರ್ಮಿಕರೆಲ್ಲ ನೋಡುತ್ತಿರುವಂತೆಯೇ ನನಗೆ ಬಾಗಿದರು, ಅತ್ತೆಗೆ ಮಾತು ಕೊಟ್ಟಾಗ ಬಾಗಿದಷ್ಟೇ ಆಳಕ್ಕೆ.

ಆಗ ಹೇಳಬಹುದಿತ್ತು. ನನಗೂ ಸಂಶಯ ಬಂದಿತ್ತು, ಆದರೂ ಕುಡಿದೆ, ನಿಮ್ಮೊಬ್ಬರದೇ ತಪ್ಪಲ್ಲ ಎಂದು. ಅದರ ಬದಲು ದೊಡ್ಡವಳ ಹಾಗೆ, ಗೊತ್ತಿಲ್ಲದೆ ತಿಂದದ್ದಕ್ಕೆ ನಮ್ಮಲ್ಲಿ ದೋಷವಿಲ್ಲ, ನನಗಂತೂ ಏನೂ ಗೊತ್ತಾಗಲಿಲ್ಲ ಎಂದುಬಿಟ್ಟೆ. ಅವರು ಭಾನುವಾರ ಬಂದು ಅತ್ತೆಯ ಮುಂದೆ ತಪ್ಪೊಪ್ಪಿಕೊಳ್ಳುತ್ತೇನೆ ಎಂದರು. ನಾನು ಹೌಹಾರಿದೆ. ಅತ್ತೆಗೆ ತಿಳಿದರೆ ಅಡುಗೆಮನೆಗೆ ನನ್ನನ್ನು ಸೇರಿಸುವುದಿಲ್ಲ, ನನ್ನ ಕೈಯ ನೀರೂ ಮುಟ್ಟುವುದಿಲ್ಲ, ದಯವಿಟ್ಟು ಬೇಡ ಎಂದು ಅಂಗಲಾಚಿದೆ. ಅವರು ಟೋಪಿಯನ್ನು ಎರಡೂ ಕೈಯಲ್ಲಿ ತಿರುಗಿಸಿದರು. ಕೊನೆಗೆ, "ಹಾಗಾದರೆ ಇದು ನನ್ನ ಹತ್ತಿರವೇ ಇರಲಿ," ಎಂದು ಟೋಪಿ ಹಾಕಿಕೊಂಡು ಯಂತ್ರದ ಕಡೆ ಹೋದರು. ನನಗೆ ನಿಜವಾಗಿಯೂ ಹಾಯೆನಿಸಿತು. ಆ ಹಾಯೆನಿಸಿದ್ದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಅಂದಿನಿಂದ ಮಾಸ್ತರು ನಮ್ಮ ಮನೆಯಲ್ಲಿ ಉಣ್ಣುವುದನ್ನು ಬಿಟ್ಟರು. ಬರುವುದನ್ನು ಬಿಡಲಿಲ್ಲ. ದೀಪಾವಳಿಗೆ ಬಂದರು, ಸಂಕ್ರಾಂತಿಗೆ ಬಂದರು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ಒಂದು ಬಾಳೆಹಣ್ಣು ತಿಂದು, ತಮ್ಮ ಬಾಟಲಿಯ ನೀರು ಕುಡಿದು ಹೋಗುತ್ತಿದ್ದರು. ಅತ್ತೆ ಮೊದಲು ಖಾರ ಹೆಚ್ಚಾಯಿತೆಂದು ತಿಳಿದರು. ಮೆತ್ತಗಿನ ಅನ್ನ, ಮೆಣಸಿನಕಾಯಿ ಇಲ್ಲದ ತಿಳಿಸಾರು, ಹೆಸರುಬೇಳೆ ಪಾಯಸ, ಒಂದೊಂದಾಗಿ ಮಾಡಿ ನೋಡಿದರು. ಮಾಸ್ತರು ಕೈಮುಗಿದು "ಸಾಕ್ರಿ" ಎನ್ನುತ್ತಿದ್ದರು. ಈಗ ಆ ಮಾತು ಬಡಿಸುವ ಮೊದಲೇ ಬರುತ್ತಿತ್ತು. ಒಂದು ದಿನ ಅವರು ಎದ್ದು ಹೋದಮೇಲೆ ಅತ್ತೆ ತಾಟು ತೆಗೆಯುತ್ತ, "ನನ್ನ ಕೈಯಾಗಿನ ರುಚಿ ಹೋತೇನವಾ? ಖರೇ ಹೇಳು" ಎಂದು ಕೇಳಿದರು. ನಾನು ವಯಸ್ಸಾದಮೇಲೆ ಜಪಾನಿನವರು ಹಾಗೇ, ಮಿತವಾಗಿ ಉಣ್ಣುತ್ತಾರೆ ಎಂದೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಕಾವಲು. ಅತ್ತೆ ಆಮೇಲೆ ಅವರಿಗೆ ಊಟಕ್ಕೆ ಏಳಿ ಅನ್ನುವುದನ್ನೇ ಬಿಟ್ಟರು.

ಹೊರಗೆ ಅವರ ಎಚ್ಚರಿಕೆ ನನ್ನನ್ನು ಇನ್ನಷ್ಟು ಸುಡುತ್ತಿತ್ತು. ಕಾರ್ಖಾನೆಯ ಕೆಲಸಕ್ಕೆ ಸಾತಾರಾ, ಕೊಲ್ಹಾಪುರ, ಬೆಳಗಾವಿಯ ಕಡೆ ಹೋಗಬೇಕಾದಾಗ ಮಾಸ್ತರು ತಮ್ಮ ಶಾಸ್ತ್ರವನ್ನು ಇಲ್ಲಿಗೂ ತಂದಿದ್ದರು. ಹೆದ್ದಾರಿಯ ಥಳಕಿನ ಹೋಟೆಲು ಬೇಡ, ಮೊದಲು ಕ್ಷೌರದ ಅಂಗಡಿ. ಪರದೆ ಇಲ್ಲದ ನಮ್ಮ ಊರುಗಳಲ್ಲಿ ಬಾಗಿಲ ಮುಂದೆ ಬಿಟ್ಟ ಚಪ್ಪಲಿಗಳನ್ನು ನೋಡುತ್ತಿದ್ದರು. ಹಾಗೆ ಹುಡುಕಿದ ಖಾನಾವಳಿಗಳಲ್ಲಿ ನಾವು ತಿಂದ ರೊಟ್ಟಿ, ಝುಣಕದ ರುಚಿ ಮತ್ತೆಲ್ಲೂ ಸಿಕ್ಕಿಲ್ಲ. ಆದರೆ ನನ್ನ ತಾಟು ಬಂದ ಕೂಡಲೇ ಅವರು ಬಡಿಸುವವರನ್ನು ತಡೆದು, ಇದರ ರಸ ಯಾವುದರಿಂದ ಮಾಡಿದ್ದು ಕೇಳಿ ಎನ್ನುತ್ತಿದ್ದರು. ಶುದ್ಧ ಶಾಕಾಹಾರಿ ಎಂದು ಗೋಡೆಯ ಮೇಲೆ ಮೊಳದುದ್ದ ಬರೆದಿದ್ದರೂ ಬಿಡುತ್ತಿರಲಿಲ್ಲ. ಕೊಲ್ಹಾಪುರದಲ್ಲಿ ಖಾನಾವಳಿ ನಡೆಸುವ ಒಬ್ಬ ಮೌಶಿ ಸೊಂಟದ ಮೇಲೆ ಕೈಯಿಟ್ಟು, ನೀರಿನಿಂದ ಮಾಡಿದ್ದು, ಯಾವ ಬಾವಿಯದೆಂದೂ ಹೇಳಲೇ ಎಂದು ಮರಾಠಿಯಲ್ಲಿ ಗದರಿದಳು. ಎಲ್ಲರೂ ನಕ್ಕರು. ಮಾಸ್ತರೂ ನಕ್ಕರು, ಆದರೆ ನಾನು ಉತ್ತರ ಅನುವಾದಿಸುವವರೆಗೆ ರೊಟ್ಟಿ ಮುರಿಯಲಿಲ್ಲ.

ಎರಡು ಸಾವಿರದ ಆಚೆ ಒಂದೆರಡು ವರ್ಷಕ್ಕೆ ಅವರು ನಿವೃತ್ತರಾಗಿ ಊರಿಗೆ ಹೋದರು. ಹೋಗುವ ದಿನ ಅತ್ತೆಗೆ ನಮಸ್ಕಾರ ಮಾಡಲು ಬಂದವರು ಬಾಯಿ ತೆರೆದು, ನನ್ನ ಮುಖ ನೋಡಿ, ಮುಚ್ಚಿಕೊಂಡರು. ವರ್ಷಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಿದ್ದೆವು. ಅತ್ತೆ ಹೇಗಿದ್ದಾರೆ ಎಂದೇ ಮೊದಲು ಕೇಳುತ್ತಿದ್ದರು.

ಕೆಲವು ವರ್ಷಗಳ ಮೇಲೆ ಅವರ ಕೈಕೆಳಗೆ ಕಲಿತ ಎಂಜಿನಿಯರೊಬ್ಬ ಚಾಕಣಕ್ಕೆ ಬಂದ. ಕ್ಯಾಂಟೀನಿನಲ್ಲಿ ಎದುರಿಗೆ ಕೂತಾಗ ಮಾಸ್ತರ ಸುದ್ದಿ ಕೇಳಿದೆ. ಅನ್ನನಾಳದ ಕಾಯಿಲೆ, ಇನ್ನು ಹೆಚ್ಚು ದಿನವಿಲ್ಲ ಎಂದ. ಆಮೇಲೆ ಮಾಸ್ತರನ್ನು ನೆನೆದು ನಗುತ್ತ ಹೇಳಿದ. ಕಾಯಿಲೆ ಬೀಳುವವರೆಗೂ ಯಾರಾದರೂ ಅವರ ಸೀಮೆಗೆ ಹೋದರೆ ಊರೂರು ಸುತ್ತಿಸಿ ಒಳ್ಳೆಯ ಸೋಬಾ ಅಂಗಡಿ ತೋರಿಸುತ್ತಿದ್ದರಂತೆ. ಆದರೆ ತಾವು ಮಾತ್ರ ಒಳಗೆ ಬರುತ್ತಿರಲಿಲ್ಲವಂತೆ, ಹೊರಗೆ ನಿಂತು ಕಾಯುತ್ತಿದ್ದರಂತೆ. ಭಾರತಕ್ಕೆ ಹೋಗಿ ಬಂದಮೇಲೆ ಸೋಬಾ ಬಿಟ್ಟರು, ಯಾಕೆಂದು ಹೆಂಡತಿಗೂ ಹೇಳಿಲ್ಲ, ನಿಮಗೇನಾದರೂ ಗೊತ್ತೇ ಎಂದು ಕೇಳಿದ.

ನನಗೆ ಗೊತ್ತಿತ್ತು. ಎಲ್ಲಕ್ಕಿಂತ ಇಷ್ಟವಾದದ್ದನ್ನು ಬಿಟ್ಟರೆ ಮಾತ್ರ ಬಿಟ್ಟಂತೆ ಎಂದು ಅವರಿಗೆ ಜಪಾನಿಯಲ್ಲಿ ಹೇಳಿದವಳು ನಾನೇ.

ಆ ಸಂಜೆ ಮನೆಗೆ ಬಂದು, ಬತ್ತಿ ಹೊಸೆಯುತ್ತ ಕೂತಿದ್ದ ಅತ್ತೆಯ ಮುಂದೆ ಎಲ್ಲವನ್ನೂ ಹೇಳಿದೆ. ರಸ, ವಾಸನೆ, ನಾನು ಕೇಳದೇ ಕುಡಿದದ್ದು, ಮಾಸ್ತರು ಬಾಗಿದ್ದು, ನಾನು ಬೇಡಿಕೊಂಡದ್ದು, ಯಾವುದನ್ನೂ ಬಿಡಲಿಲ್ಲ. ಬೈಗುಳಕ್ಕೆ ಕಾಯುತ್ತ ನಿಂತೆ. ಅತ್ತೆ ಬತ್ತಿ ಕೆಳಗಿಟ್ಟು, "ಅದಕ್ಕೇನು ಅವರು ನಮ್ಮ ಮನ್ಯಾಗ ಉಣ್ಣೂದು ಬಿಟ್ಟದ್ದು?" ಎಂದು ಕೇಳಿದರು. ಹೌದೆಂದೆ.

"ನೀ ತಿಂದದ್ದು ನೀನೂ ನಿನ್ನ ದೇವರೂ ನೋಡ್ಕೋರಿ. ನಮ್ಮ ಮನೀಗೆ ಬಂದಾಂವ ಇಷ್ಟು ವರ್ಷ ಹಸಗೊಂಡ ಹೋಗ್ಯಾನ. ಅದರ ಪಾಪ ನನ್ನ ತಲೀ ಮ್ಯಾಲೆ ಹಾಕಿದೆಲ್ಲ, ಅದಕ್ಕೇನ ಮಾಡ್ಲಿ? ಮೊದಲ ಫೋನ್ ಹಚ್ಚು" ಎಂದರು. ಅವರ ಧ್ವನಿ ಏರಲಿಲ್ಲ. ಆ ವರ್ಷದ ಚಾತುರ್ಮಾಸ ಮುಗಿಯುವವರೆಗೂ ನೈವೇದ್ಯದ ಅಡುಗೆಗೆ ನನ್ನನ್ನು ಕರೆಯಲಿಲ್ಲ. ನಾನು ಹೆದರಿದ್ದು ಇಷ್ಟಕ್ಕೇ.

ಜಪಾನಿನಲ್ಲಿ ಆಗಲೇ ರಾತ್ರಿ ಬಹಳ ಹೊತ್ತಾಗಿದ್ದರಿಂದ ಮರುದಿನ ಬೆಳಿಗ್ಗೆ ಫೋನ್ ಹಚ್ಚಿದೆ. ಅತ್ತೆ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಮಾಸ್ತರ ಹೆಂಡತಿ ಫೋನನ್ನು ಅವರ ಕಿವಿಗೆ ಹಿಡಿದರು. ಧ್ವನಿ ತೀರ ಸಣ್ಣಗಾಗಿತ್ತು. ಮೊದಲು ಅತ್ತೆ ಹೇಳಿದ್ದನ್ನು ಅನುವಾದಿಸಿದೆ. ತಪ್ಪು ನಿಮ್ಮದಲ್ಲ, ನೀವು ನಮ್ಮಲ್ಲಿ ಉಣ್ಣದೆ ಹೋದದ್ದರಿಂದ ನನಗೆ ನೋವಾಗಿದೆ, ಬಿಟ್ಟದ್ದನ್ನು ಇವತ್ತೇ ತಿನ್ನಿ ಎಂದು. ಅವರು ಆಲಿಸುತ್ತಿದ್ದರು. ಆಮೇಲೆ ನನ್ನ ಮಾತು ಹೇಳಿದೆ. ಮೊದಲ ಬಟ್ಟಲಿನಲ್ಲೇ ನನಗೆ ಮೀನಿನ ವಾಸನೆ ಹತ್ತಿತ್ತು, ಬೇಕೆಂದೇ ಕೇಳಲಿಲ್ಲ, ಪ್ರತಿ ಸಲವೂ ಗೊತ್ತಿದ್ದೇ ಕುಡಿದೆ.

ಬೈಯುತ್ತಾರೇನೋ, ಅಳುತ್ತಾರೇನೋ ಎಂದುಕೊಂಡೆ.

"ರುಚಿಯಾಗಿತ್ತೇ?" ಎಂದು ಕೇಳಿದರು.

ಬಹಳ ರುಚಿಯಾಗಿತ್ತು ಎಂದೆ.

"ಎಲ್ಲಿಯದು?"

ಸುರಂಗ ದಾಟಿದ ಮೇಲಿನ ಅಜ್ಜಿಯ ಅಂಗಡಿಯದು ಎಂದೆ.

"ಅಲ್ಲಿ ನೀವು ಬಟ್ಟಲಿನ ತಳ ನೋಡಿದಿರಿ. ಇನ್ನೊಂದು ತರಿಸುವವನಿದ್ದೆ. ಪರವಾಗಿಲ್ಲ ಅಂದಿರಲ್ಲ, ನಮ್ಮ ಊಟ ನಿಮಗೆ ಸೇರುತ್ತಿಲ್ಲ, ನನ್ನ ದಾಕ್ಷಿಣ್ಯಕ್ಕೆ ತಿನ್ನುತ್ತಿದ್ದೀರಿ ಅಂದುಕೊಂಡು ಸುಮ್ಮನಾದೆ. ನಿಮ್ಮನ್ನು ಅರೆಹೊಟ್ಟೆಯಲ್ಲಿ ಎಬ್ಬಿಸಿಕೊಂಡು ಬಂದೆನಲ್ಲ," ಎಂದರು.

ನಾನು ಕ್ಷಮೆ ಕೇಳಬೇಕೆಂದು ಫೋನು ಮಾಡಿದ್ದೆ. ಆ ಮನುಷ್ಯ ಅಲ್ಲೂ ತನ್ನದೇ ತಪ್ಪು ಹುಡುಕಿಕೊಂಡರು.

ತಿಂಗಳು ತುಂಬುವುದರೊಳಗೆ ಅವರು ಹೋದ ಸುದ್ದಿ ಕಾರ್ಖಾನೆಗೆ ಬಂತು. ಮನೆಗೆ ಬಂದು ಅವರ ಹೆಂಡತಿಗೆ ಫೋನು ಮಾಡಿದೆ. ನಾನು ಮಾತಾಡಿದ ದಿನವೇ ಮಾಸ್ತರು ಆ ಅಜ್ಜಿಯ ಅಂಗಡಿಯ ಸೋಬಾ ಬೇಕೆಂದರಂತೆ. ಅಜ್ಜಿ ಈಗಿಲ್ಲ, ಸೊಸೆ ನಡೆಸುತ್ತಾಳೆ. ಮಗ ಕಾರಿನಲ್ಲಿ ಹೋಗಿ ತಂದನಂತೆ. ಅಷ್ಟು ಹೊತ್ತಿಗಾಗಲೇ ಮಾಸ್ತರಿಗೆ ನೀರು ಇಳಿಯುವುದೂ ಕಷ್ಟವಾಗಿತ್ತು. ಚಮಚದಲ್ಲಿ ಕೊಟ್ಟ ರಸ ತುಟಿಯ ಪಕ್ಕದಿಂದ ಹೊರಗೆ ಹರಿಯಿತಂತೆ. ಒರೆಸಲು ಹೋದ ಹೆಂಡತಿಯ ಕೈ ತಡೆದು, ಪುಣೆಯ ಹುಡುಗಿಗೆ ಇದು ಬಹಳ ಸೇರಿತ್ತಂತೆ, ಈ ಬಟ್ಟಲು ಅವಳಿಗೆ ಇರಲಿ ಎಂದರಂತೆ.

ಫೋನು ಕೆಳಗಿಟ್ಟೆ. ಅತ್ತೆ ನನ್ನ ಮುಖವನ್ನೇ ನೋಡುತ್ತ ಕೂತಿದ್ದರು. "ಏನಂದ್ರು? ತಿಂದ್ರಂತೇನು?" ಎಂದು ಕೇಳಿದರು. ಎಷ್ಟೋ ವರ್ಷ ಅವರಿಬ್ಬರ ನಡುವೆ ಮಾತು ದಾಟಿಸಿದ ನನಗೆ ಅವತ್ತು ಒಂದು ಮಾತೂ ಹೊರಡಲಿಲ್ಲ.